ಆಸ್ಬರ್ನ್ ಹೌಸ್: ಇಟ್ಟಿಗೆ ಮನೆಗೆ ಕಲ್ಲಿನ ವೇಷ ಯಾಕೆ? ಅದನ್ನ ಹಾಗೇ ಉಳಿಸಬೇಕಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾನು ಸೌತಾಂಪ್ಟನ್‌ನಲ್ಲಿ ಇದ್ದೇನೆ. ಕಳೆದ ಶನಿವಾರ ಫೆರ್ರಿ ಹತ್ತಿ ಐಲ್ ಆಫ್ ವೈಟ್‌ಗೆ ಹೋಗಿ ಆಸ್ಬರ್ನ್ ಹೌಸ್ ನೋಡಿಕೊಂಡು ಬಂದೆ. ವಿಕ್ಟೋರಿಯಾ ರಾಣಿ ಮತ್ತು ಆಕೆಯ ಗಂಡ ಆಲ್ಬರ್ಟ್ ಕಟ್ಟಿಸಿಕೊಂಡ ಮನೆ. ಇಟಾಲಿಯನೇಟ್ ಶೈಲಿ ಅಂತಾರೆ, ಅಂದರೆ ಇಟಲಿಯ ಮನೆಗಳ ಮಾದರಿ. ಎರಡು ಚೌಕ ಗೋಪುರ, ಸಮತಟ್ಟು ಚಾವಣಿ, ಕಮಾನು ಕಿಟಕಿ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸಮುದ್ರದ ಕಡೆ ಇಳಿಯುವ ತೋಟ.

ದೂರದಿಂದ ನೋಡಿದರೆ ಹಳದಿ ಕಲ್ಲಿನ ಅರಮನೆ. ಹತ್ತಿರ ಹೋಗಿ ನೋಡಿದೆ. ಕಲ್ಲಿನ ಸಂದು ಅಂದುಕೊಂಡಿದ್ದು ಗಿಲಾವಿನ ಮೇಲೆ ಎಳೆದ ಗೆರೆ! ಒಳಗಿರುವುದು ಬರೀ ಇಟ್ಟಿಗೆ. ಮೇಲೆ ಸಿಮೆಂಟ್, ಅದರ ಮೇಲೆ ಬಾತ್ ಊರಿನ ಹಳದಿ ಕಲ್ಲಿನ ಬಣ್ಣ.

ಇದು ನನಗೆ ಸುಮ್ನೆ ಕುತೂಹಲವಲ್ಲ. ಮೈಸೂರಿನಲ್ಲಿ ನಮ್ಮ ಅಜ್ಜನ ಮನೆಯ ಮುಂಭಾಗವೂ ಹೀಗೇ ಇದೆ. ಇಟ್ಟಿಗೆ, ಸುಣ್ಣದ ಗಾರೆ, ಗಾರೆಯಲ್ಲೇ ಕಲ್ಲಿನ ಗೆರೆ, ಕಿಟಕಿ ಮೇಲೆ ಹೂಮಾಲೆ. ಈಗ ಅಲ್ಲಲ್ಲಿ ಉದುರುತ್ತಿದೆ. "ಅದೆಲ್ಲಾ ಸುಳ್ಳು ಕಲ್ಲು, ಕೆತ್ತಿ ಹಾಕಿ ಸಿಮೆಂಟ್ ಹೊಡೆಸೋಣ" ಅಂತಾನೆ ನನ್ನ ತಮ್ಮ. ಗುತ್ತಿಗೆದಾರರೂ ಅದನ್ನೇ ಹೇಳಿದ್ದಾರಂತೆ. ನನಗೆ ಮನಸ್ಸು ಬರುತ್ತಿಲ್ಲ. ಆಸ್ಬರ್ನ್‌ನಲ್ಲಿ ಆ ಸುಳ್ಳು ಕಲ್ಲನ್ನೇ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಾರಲ್ಲ, ಯಾಕೆ? ಗೊತ್ತಿರುವವರು ಹೇಳಿ.

ಬಿಸಿಲುಮಚ್ಚು
ರಾಣಿಯ ಹತ್ತಿರ ಕಲ್ಲಿಗೆ ದುಡ್ಡಿರಲಿಲ್ಲವಾ? ನಂಬೋಕಾಗಲ್ಲ.

ಇತಿಹಾಸದ ಮೇಷ್ಟ್ರು
ದುಡ್ಡಿನ ಲೆಕ್ಕ ಇತ್ತು. ಇದು ಸರ್ಕಾರ ಕಟ್ಟಿಸಿಕೊಟ್ಟ ಅರಮನೆಯಲ್ಲ, ಅವರ ಸ್ವಂತ ಮನೆ. 1845ರಲ್ಲಿ ಜಾಗ ಕೊಂಡರು. ಅಲ್ಲಿದ್ದ ಹಳೆಯ ಮನೆ ಚಿಕ್ಕದಾಯಿತು. ಪಕ್ಕದಲ್ಲೇ ಹೊಸದು ಶುರು ಮಾಡಿದರು. ಪೆವಿಲಿಯನ್ ಅನ್ನುವ ಮುಖ್ಯ ಭಾಗ 1846ಕ್ಕೇ ಮುಗಿಯಿತು, ಸಂಸಾರ ಅಲ್ಲಿಗೆ ಬಂತು. ಹಳೆಯ ಮನೆ ಕೆಡವಿದ್ದು ಆಮೇಲೆ. ಉಳಿದ ಭಾಗಗಳೆಲ್ಲ ಮುಗಿದಿದ್ದು 1851ರಲ್ಲಿ.

ಇನ್ನೊಂದು ವಿಷಯ. ಇದಕ್ಕೆ ದೊಡ್ಡ ವಾಸ್ತುಶಿಲ್ಪಿ ಯಾರೂ ಇರಲಿಲ್ಲ. ಆಲ್ಬರ್ಟ್ ತಾನೇ ಕೂತು ಯೋಜನೆ ಹಾಕಿದ. ಕಟ್ಟಿಸಿದವರು ಥಾಮಸ್ ಕ್ಯುಬಿಟ್. ಲಂಡನ್ನಿನ ಬೆಲ್‌ಗ್ರೇವಿಯಾದ ಬೀದಿ ಬೀದಿಗಳನ್ನೇ ಕಟ್ಟಿದ ಬಿಲ್ಡರ್. ಇಟ್ಟಿಗೆ ಮೇಲೆ ಗಿಲಾವು ಹಾಕಿ ಕಲ್ಲಿನ ರೂಪ ಕೊಡುವುದು ಅವರಿಗೆ ದಿನನಿತ್ಯದ ಕೆಲಸ. ರಾಣಿಗೂ ಅದನ್ನೇ ಮಾಡಿಕೊಟ್ಟರು.

ಇಟಲಿ ಯಾಕೆ ಅಂದರೆ, ಅಲ್ಲಿಂದ ಕಾಣುವ ಸಾಲೆಂಟ್ ಜಲಸಂಧಿ ಆಲ್ಬರ್ಟ್‌ಗೆ ನೇಪಲ್ಸ್ ಕೊಲ್ಲಿಯ ನೆನಪು ತರುತ್ತಿತ್ತು.

ಎಡಿಸನ್ ಕನ್ನಡತಿ
ಓಹ್, ಹಾಗಾದರೆ ಇಟಾಲಿಯನೇಟ್ ಶೈಲಿ ಶುರುವಾಗಿದ್ದೇ ಇಲ್ಲಿಂದ ಅಲ್ವಾ? ನಮ್ಮ ನ್ಯೂಜೆರ್ಸಿಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಆದರೆ ಮರದವು. ಚಾವಣಿ ಅಂಚಿನ ಕೆಳಗೆ ದೊಡ್ಡ ದೊಡ್ಡ ಮರದ ಬ್ರಾಕೆಟ್, ನೆತ್ತಿಯ ಮೇಲೆ ಚಿಕ್ಕ ಗೂಡು.

ಇತಿಹಾಸದ ಮೇಷ್ಟ್ರು
ಇಲ್ಲ, ಇಲ್ಲಿಂದಲ್ಲ. ಇಂಗ್ಲೆಂಡ್‌ನಲ್ಲಿ ಜಾನ್ ನ್ಯಾಶ್ ಅನ್ನುವ ವಾಸ್ತುಶಿಲ್ಪಿ 1802ರಲ್ಲೇ ಶ್ರೂಸ್‌ಬರಿ ಹತ್ತಿರ ಕ್ರಾಂಕ್‌ಹಿಲ್ ಅನ್ನುವ ಮನೆ ಕಟ್ಟಿದ್ದ. ದುಂಡು ಗೋಪುರ, ಕಮಾನಿನ ಜಗಲಿ. ಅಲ್ಲಿಂದ ಲೆಕ್ಕ ಹಿಡೀತಾರೆ. ಆಮೇಲೆ ಇನ್ನೊಬ್ಬ ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿ ಲಂಡನ್ನಿನ ಕ್ಲಬ್ಬುಗಳಿಗೆ ಇಟಲಿಯ ಪಲಾಟ್ಸೊ, ಅಂದರೆ ಅರಮನೆಯ ರೂಪ ಕೊಟ್ಟ. ನಿಮ್ಮ ಅಮೆರಿಕದಲ್ಲಿ 1840, 50ರ ದಶಕದಲ್ಲಿ ಡೌನಿಂಗ್ ಅನ್ನುವವರ ಮಾದರಿ ಪುಸ್ತಕ ನೋಡಿ ಬಡಗಿಗಳೇ ಕಟ್ಟಿದರು. ಆಸ್ಬರ್ನ್ ಮಾಡಿದ್ದು ಅದನ್ನ ಜಗತ್ತಿಗೆಲ್ಲ ಫ್ಯಾಷನ್ ಮಾಡಿದ್ದು.

ಯಾರ್ರಾ ದಂಡೆ
ಜಗತ್ತಿಗೆಲ್ಲ ಅನ್ನೋದು ನಿಜ. ಮೆಲ್ಬರ್ನ್‌ನ ಗವರ್ನಮೆಂಟ್ ಹೌಸ್ ಇದರದೇ ತಮ್ಮ. 1876ರಲ್ಲಿ ಮುಗಿದಿದ್ದು. ಬಟಾನಿಕಲ್ ಗಾರ್ಡನ್ ಕಡೆಯಿಂದ ಗೋಪುರ ನೋಡಿದರೆ ಥೇಟ್ ಆಸ್ಬರ್ನ್. ಅದೂ ಇಟ್ಟಿಗೆ ಮೇಲೆ ಗಿಲಾವೇ.

ಸುಣ್ಣದಗೂಡು
ತುಂಗಾತೀರ ಅವರೇ, ನಾನು ಹಳೆಯ ಕಟ್ಟಡಗಳ ದುರಸ್ತಿ ಕೆಲಸದಲ್ಲೇ ಇರೋನು. ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆಸ್ಬರ್ನ್ ಗೋಡೆ ಮೇಲಿರುವುದು "ರೋಮನ್ ಸಿಮೆಂಟ್". ಹೆಸರು ಕೇಳಿ ರೋಮನ್ನರ ಕಾಲದ್ದು ಅಂದುಕೊಳ್ಳಬೇಡಿ. 1796ರಲ್ಲಿ ಜೇಮ್ಸ್ ಪಾರ್ಕರ್ ಎಂಬ ಇಂಗ್ಲಿಷಿನವ ಪೇಟೆಂಟ್ ಪಡೆದದ್ದು. ಇಂಗ್ಲೆಂಡಿನ ಕರಾವಳಿಯಲ್ಲಿ ಜೇಡಿ ಮತ್ತು ಸುಣ್ಣ ಎರಡೂ ಬೆರೆತ ಉಂಡೆಗಲ್ಲುಗಳು ಸಿಗುತ್ತವೆ. ಅವನ್ನ ಗೂಡಿನಲ್ಲಿ ಸುಟ್ಟು ನುಣ್ಣಗೆ ಅರೆದರೆ ಈ ಪುಡಿ. ಬಣ್ಣ ಕಂದು. ನೀರು ಬೆರೆಸಿದರೆ ಹತ್ತು ಹದಿನೈದು ನಿಮಿಷದಲ್ಲಿ ಗಟ್ಟಿ! ಕೆಲಸಗಾರ ಒಂದು ಬೋಗುಣಿಯಷ್ಟು ಕಲಸಿ, ಓಡಿ ಬಂದು ಹಚ್ಚಿ, ಗೆರೆ ಎಳೆದು ಮುಗಿಸಬೇಕು. ಆ ದ್ವೀಪದಲ್ಲೇ ಮೆಡಿನಾ ನದಿ ಪಕ್ಕ ಇಂಥದ್ದೇ ಸಿಮೆಂಟ್ ಮಾಡುವ ಕಾರ್ಖಾನೆ ಇತ್ತು.

ಕಂದು ಬಣ್ಣ ಯಾರಿಗೂ ಇಷ್ಟವಿರಲಿಲ್ಲ. ಹಾಗಾಗಿ ಮೇಲೆ ಕಲ್ಲಿನ ಬಣ್ಣ ಬಳಿಯುತ್ತಿದ್ದರು. ಆ ಬಣ್ಣ ಬರೀ ಅಂದಕ್ಕಲ್ಲ, ಮಳೆಗಾಳಿಗೆ ಅದೇ ಕೊಡೆ. ಸಮುದ್ರದ ಉಪ್ಪುಗಾಳಿ ಹೊಡೆಯುವ ಜಾಗದಲ್ಲಿ ಬಣ್ಣ ಬಿಟ್ಟರೆ ಗಿಲಾವಿನ ಸಣ್ಣ ಬಿರುಕಿಗೆ ನೀರು ಇಳಿಯುತ್ತದೆ, ಒಳಗಿನಿಂದ ಬೇರ್ಪಡುತ್ತದೆ. ಅದಕ್ಕೇ ಬಣ್ಣ ಬಳಿಯುವುದೂ ಅಲ್ಲಿ ದುರಸ್ತಿಯ ಭಾಗ.

ಈಗ ನಿಮ್ಮ ಮೈಸೂರು ಮನೆ. ಅದು ಸುಣ್ಣದ ಗಾರೆ, ಇದಕ್ಕಿಂತ ಇನ್ನೂ ಮೆತ್ತಗೆ. ಅದರ ಮೇಲೆ ಇವತ್ತಿನ ಪೋರ್ಟ್‌ಲ್ಯಾಂಡ್ ಸಿಮೆಂಟ್ ಹೊಡೆದರೆ ಗೋಡೆಗೆ ಉಸಿರು ಕಟ್ಟುತ್ತದೆ. ನೆಲದಿಂದ ಏರುವ ತೇವ ಹೊರಗೆ ಹೋಗೋಕೆ ದಾರಿ ಇರಲ್ಲ. ಒಳಗಿನ ಇಟ್ಟಿಗೆ ಪುಡಿಯಾಗುತ್ತದೆ. ಐದಾರು ಮಳೆಗಾಲದಲ್ಲಿ ಸಿಮೆಂಟ್ ಹಪ್ಪಳದ ಹಾಗೆ ಎದ್ದು ಬರುತ್ತದೆ, ಬರುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬರುತ್ತದೆ. ದಯವಿಟ್ಟು ಕೆತ್ತಿಸಬೇಡಿ.

ಹಳೇಮನೆ ಶಾರದೆ
ಸುಣ್ಣದಗೂಡು ಹೇಳಿದ್ದು ನೂರಕ್ಕೆ ನೂರು ಸತ್ಯ. ಮಲ್ಲೇಶ್ವರದಲ್ಲಿ ನಮ್ಮ ಮನೆಗೆ ಇದೇ ಆಯ್ತು. ಒಬ್ಬ ಗುತ್ತಿಗೆದಾರನ ಮಾತು ಕೇಳಿ ಹಾಲ್‌ನ ಗಾರೆ ತೆಗೆಸಿ ಸಿಮೆಂಟ್ ಹಾಕಿಸಿದೆವು. ಎರಡನೇ ವರ್ಷಕ್ಕೆ ಗೋಡೆಯ ಬುಡದಲ್ಲಿ ಬಿಳೀ ಉಪ್ಪು. ಬೆರಳಲ್ಲಿ ಉಜ್ಜಿದರೆ ರವೆ ಥರ ಉದುರುತ್ತಿತ್ತು. ದೇವರಮನೆಯ ಗಾರೆ ಮಾತ್ರ ಮುಟ್ಟಿರಲಿಲ್ಲ. ಅದು ಇವತ್ತಿಗೂ ಕನ್ನಡಿ ಹಾಗಿದೆ. ಅಮ್ಮ ಅದರ ಮೇಲೆ ಕೈಯಾಡಿಸಿ ಅತ್ತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಬಿಸಿಲುಮಚ್ಚು
ಎಲ್ಲಾ ಸರಿ. ಆದ್ರೆ ಮೂಲ ಪ್ರಶ್ನೆಗೆ ಉತ್ತರ ಬರಲಿಲ್ಲ. ಸುಳ್ಳು ಕಲ್ಲು ಸುಳ್ಳು ಕಲ್ಲೇ ತಾನೇ? ದುರಸ್ತಿ ಮಾಡುವಾಗ ಬಣ್ಣ ತೆಗೆದು ಇದ್ದದ್ದನ್ನ ಇದ್ದ ಹಾಗೆ ತೋರಿಸಬಹುದಿತ್ತಲ್ಲ.

ಸುಣ್ಣದಗೂಡು
ಇದ್ದದ್ದು ಅಂದರೆ ಯಾವುದು? ಬರೀ ಇಟ್ಟಿಗೆ ಕಾಣುವ ಆಸ್ಬರ್ನ್ ಒಂದು ದಿನವೂ ಇರಲಿಲ್ಲ. ಕ್ಯುಬಿಟ್ ಮನಸ್ಸಲ್ಲಿ ಮೊದಲ ದಿನದಿಂದ ಗಿಲಾವು, ಬಣ್ಣ ಎಲ್ಲಾ ಸೇರಿಯೇ ಮನೆ.

ಸುಳ್ಳು ಅನ್ನೋ ಪದವೇ ಸರಿಯಿಲ್ಲ ಅನಿಸುತ್ತದೆ. ಒಳಗೆ ಹೋಗಿ. ಡ್ರಾಯಿಂಗ್ ರೂಮಿನ ಕಂಬಗಳು ಅಮೃತಶಿಲೆಯ ಹಾಗೆ ಕಾಣುತ್ತವೆ. ಅದು ಸ್ಕಾಗ್ಲಿಯೋಲಾ, ಅಂದರೆ ಜಿಪ್ಸಮ್, ಅಂಟು, ಬಣ್ಣ ನಾದಿ ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದು. ತಿಂಗಳುಗಟ್ಟಲೆ ಕೆಲಸ. ಮಹಡಿಗಳ ನಡುವೆ ಮರದ ತೊಲೆ ಬದಲು ಕಬ್ಬಿಣದ ತೊಲೆ, ಇಟ್ಟಿಗೆ ಕಮಾನು. ಬೆಂಕಿ ಹತ್ತಬಾರದು ಅಂತ. ಸದ್ದು ಕೇಳಬಾರದು ಅಂತ ನೆಲದ ಕೆಳಗೆ ಕಪ್ಪೆಚಿಪ್ಪು ತುಂಬಿಸಿದರು. ಇವೆಲ್ಲ ಆ ಕಾಲದ ಹೊಸ ತಂತ್ರ. ಮೇಲೆ ಹಳೇ ಇಟಲಿ, ಒಳಗೆ ಹೊಸ ಕಾಲ.

ಬಿಸಿಲುಮಚ್ಚು
ಕಪ್ಪೆಚಿಪ್ಪು ವಿಷಯ ಗೊತ್ತಿರಲಿಲ್ಲ. ಒಪ್ಪಿದೆ, ಅರ್ಧ.

ತುಂಗಾತೀರ
ಆ ಕಂಬಗಳ ಬಗ್ಗೆ ಅಲ್ಲಿನ ಗೈಡ್ ಒಂದು ಮಾತು ಹೇಳಿದರು. ರಾಣಿ ಎದುರು ಯಾರೂ ಕೂರುವ ಹಾಗಿರಲಿಲ್ಲ. ಬಿಲಿಯರ್ಡ್ಸ್ ಕೋಣೆ ಡ್ರಾಯಿಂಗ್ ರೂಮಿಗೆ ಅಂಟಿಕೊಂಡೇ ಇದೆ, ಮೂಲೆ ತಿರುಗಿದರೆ ಸಿಗುತ್ತದೆ, ನಡುವೆ ಬರೀ ಕಂಬ. ಗಂಡಸರು ಮೂಲೆಯ ಆಚೆ ಇದ್ದರೆ ರಾಣಿಯ ಕಣ್ಣಿಗೆ ಬೀಳಲ್ಲ, ಕೂರಬಹುದು. ಕರೆದರೆ ಎದ್ದು ಬಂದರಾಯ್ತು. ಮನೆಯ ನಕ್ಷೆಯಲ್ಲೇ ಇಷ್ಟು ಯೋಚನೆ!

ಕಕ್ಕಬೆ ಮಳೆ
ಇಷ್ಟೆಲ್ಲ ಮಾತಾಡಿದಿರಿ, ಗೌರಮ್ಮನ ಹೆಸರು ಒಬ್ಬರೂ ಎತ್ತಲಿಲ್ಲ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು. ಆಕೆಯ ಅಮೃತಶಿಲೆಯ ಮೂರ್ತಿ ಆಸ್ಬರ್ನ್‌ನಲ್ಲಿದೆ. ಮರೊಕೆಟ್ಟಿ ಅನ್ನುವ ಶಿಲ್ಪಿ ಮಾಡಿದ್ದು. ತುಂಗಾತೀರ, ನೋಡಲಿಲ್ಲವಾ?

ತುಂಗಾತೀರ
ನೋಡಿದೆ, ಆದರೆ ಯಾರು ಅಂತ ಗೊತ್ತಾಗದೆ ಮುಂದೆ ಹೋದೆ. ಬೇಜಾರಾಗ್ತಿದೆ. ಬಣ್ಣ ಹಾಕಿದ ಮೂರ್ತಿ ಅಲ್ವಾ? ಒಡವೆ, ಸೀರೆ ಅಂಚು?

ಕಕ್ಕಬೆ ಮಳೆ
ಅದೇ. ಆಕೆಯ ಕಥೆ ಹೇಳಿಬಿಡುತ್ತೇನೆ. 1834ರಲ್ಲಿ ಬ್ರಿಟಿಷರು ಕೊಡಗನ್ನ ತಗೊಂಡು ಅರಸನನ್ನ ಗಡೀಪಾರು ಮಾಡಿದರು. ಕಾಶಿಗೆ ಕಳಿಸಿದರು. ಮಗಳು ಹುಟ್ಟಿದ್ದು ಅಲ್ಲೇ, 1841ರಲ್ಲಿ. ಈಸ್ಟ್ ಇಂಡಿಯಾ ಕಂಪನಿ ಹಿಡಿದಿಟ್ಟುಕೊಂಡ ಹಣ ವಾಪಸ್ ಕೇಳಬೇಕು ಅಂತ ಅರಸ 1852ರಲ್ಲಿ ಮಗಳ ಜೊತೆ ಇಂಗ್ಲೆಂಡಿಗೆ ಹೋದ. ಅದೇ ವರ್ಷ ಮಗುವಿಗೆ ಬ್ಯಾಪ್ಟಿಸಂ. ರಾಣಿಯೇ ಧರ್ಮತಾಯಿ, ತನ್ನ ಹೆಸರನ್ನೇ ಕೊಟ್ಟಳು. ವಿಕ್ಟೋರಿಯಾ ಗೌರಮ್ಮ. ಹನ್ನೊಂದು ವರ್ಷದ ಹುಡುಗಿ! ಅಪ್ಪನಿಂದ ಬೇರೆಯಾಗಿ ಇಂಗ್ಲಿಷ್ ಸಂಸಾರಗಳಲ್ಲಿ ಬೆಳೆದಳು. ಪಂಜಾಬಿನ ರಾಜ್ಯ ಕಳೆದುಕೊಂಡ ಮಹಾರಾಜ ದುಲೀಪ್ ಸಿಂಗ್‌ಗೆ ಮದುವೆ ಮಾಡಿಸಬೇಕು ಅಂತ ರಾಣಿಗೆ ಆಸೆ. ಅದು ಆಗಲಿಲ್ಲ. 1860ರಲ್ಲಿ ಕರ್ನಲ್ ಕ್ಯಾಂಪ್‌ಬೆಲ್ ಜೊತೆ ಮದುವೆ, ಮರುವರ್ಷ ಒಬ್ಬಳು ಮಗಳು. 1864ರಲ್ಲಿ ತೀರಿಕೊಂಡಳು. ಇಪ್ಪತ್ಮೂರೂ ತುಂಬಿರಲಿಲ್ಲ. ಬ್ರಾಂಪ್ಟನ್ ಸ್ಮಶಾನದಲ್ಲಿ ಸಮಾಧಿ.

ಗೋಡೆಯ ಗಿಲಾವಿನ ಬಗ್ಗೆ ಮಾತಾಡಿ, ಬೇಡ ಅನ್ನಲ್ಲ. ಆದರೆ ಆ ಮನೆಯ ಚರಿತ್ರೆ ಅಂದರೆ ನಮಗೆ ಮೊದಲು ಇದು.

ಅಂಚೆಪೆಟ್ಟಿಗೆ
ಹೌದು, ಆಕೆ ಇದೇ ಮನೆಯಲ್ಲಿ, ದರ್ಬಾರ್ ಹಾಲ್‌ನಲ್ಲಿ ರಾಣಿ ಜೊತೆ ಕೂರುತ್ತಿದ್ದಳು ಅಂತ ಓದಿದ್ದೆ.

ಇತಿಹಾಸದ ಮೇಷ್ಟ್ರು
ಅದು ತಪ್ಪು, ಹರಡಬೇಡಿ. ದರ್ಬಾರ್ ಹಾಲ್ ಕೆಲಸ ಶುರುವಾಗಿದ್ದೇ 1890ರಲ್ಲಿ. ಗೌರಮ್ಮ ತೀರಿಕೊಂಡು 26 ವರ್ಷ ಆಗಿತ್ತು. ಆಲ್ಬರ್ಟ್ ಸತ್ತೂ 29 ವರ್ಷ. ಆಕೆ ಅಲ್ಲಿ ವಾಸವಿರಲೂ ಇಲ್ಲ.

ದರ್ಬಾರ್ ಹಾಲ್ ಮಾಡಿದವರು ಲಾಹೋರ್‌ನ ಮೇಯೋ ಕಲಾಶಾಲೆಯ ಭಾಯಿ ರಾಮ್ ಸಿಂಗ್, ಜೊತೆಗೆ ಆ ಶಾಲೆಯ ಮುಖ್ಯಸ್ಥ ಲಾಕ್‌ವುಡ್ ಕಿಪ್ಲಿಂಗ್. ಬಡಗಿ ಮನೆತನದಿಂದ ಬಂದ ರಾಮ್ ಸಿಂಗ್ ಅಲ್ಲೇ ದ್ವೀಪದಲ್ಲಿ ಉಳಿದು ಮಾದರಿಗಳನ್ನ ಮಾಡಿದರು. ಹೊರಗಿನಿಂದ ನೋಡಿದರೆ ಆ ಭಾಗವೂ ಇಟಾಲಿಯನೇಟ್. ಬಾಗಿಲು ದಾಟಿದರೆ ಬಿಳಿ ಜಾಲರಿ ಕೆತ್ತನೆ, ಬಿಳಿ ಚಾವಣಿ, ಒಲೆಗೂಡಿನ ಮೇಲೆ ಗರಿ ಬಿಚ್ಚಿದ ನವಿಲು.

ಸುಣ್ಣದಗೂಡು
ಮತ್ತೆ ಆ ಚಾವಣಿಯೂ ಕಲ್ಲಲ್ಲ. ಪ್ಲಾಸ್ಟರ್ ಮತ್ತು ಕಾಗದದ ತಿರುಳು. ಅಚ್ಚಿನಲ್ಲಿ ಹಾಕಿ ತೆಗೆದದ್ದು. ಬಿಸಿಲುಮಚ್ಚು ಅವರ ಉಳಿದರ್ಧ ಒಪ್ಪಿಗೆಗೆ ಕಾಯುತ್ತಿದ್ದೇನೆ.

ಬಿಸಿಲುಮಚ್ಚು
ಕೊಟ್ಟೆ. ಆದ್ರೆ ಒಂದು ಕೇಳ್ತೀನಿ. ಈ ಮನೆಗೆ 1846 ಇದೆ, 1851 ಇದೆ, 1890 ಇದೆ. ದುರಸ್ತಿ ಮಾಡೋರು ಯಾವ ವರ್ಷದ ಮನೆಯನ್ನ ಉಳಿಸ್ತಾರೆ?

ಇತಿಹಾಸದ ಮೇಷ್ಟ್ರು
ಒಳ್ಳೆ ಪ್ರಶ್ನೆ. ಆಸ್ಬರ್ನ್‌ಗೆ ಒಂದು ಬಾಗಿಲು ಇದೆ, ಅದೇ ಇದಕ್ಕೆ ಉತ್ತರ. ರಾಣಿ 1901ರ ಜನವರಿ 22ರಂದು ಅಲ್ಲೇ ತೀರಿಕೊಂಡಳು. ಮಗ ಏಳನೇ ಎಡ್ವರ್ಡ್‌ಗೆ ಆ ಮನೆ ಬೇಡವಾಗಿತ್ತು. 1902ರಲ್ಲಿ ದೇಶಕ್ಕೆ ಕೊಟ್ಟುಬಿಟ್ಟ. ಆದರೆ ತಾಯಿಯ ಮಹಡಿ ಕೋಣೆಗಳಿಗೆ ಕಬ್ಬಿಣದ ಗೇಟು ಹಾಕಿಸಿ ಬೀಗ ಜಡಿಸಿದ. ಮನೆತನದವರು ಬಿಟ್ಟು ಯಾರಿಗೂ ಪ್ರವೇಶವಿಲ್ಲ. 1954ರಲ್ಲಿ ಎರಡನೇ ಎಲಿಜಬೆತ್ ಅನುಮತಿ ಕೊಟ್ಟ ಮೇಲೆ ಜನಕ್ಕೆ ತೆರೆಯಿತು. ಆ ಐವತ್ತು ವರ್ಷ ಯಾರೂ ಅಲ್ಲಿ "ಸುಧಾರಣೆ" ಮಾಡಲಿಲ್ಲ. ಮಂಚ, ಬರೆಯುವ ಮೇಜು, ಸ್ನಾನದ ತೊಟ್ಟಿ, ಎಲ್ಲಾ ಇದ್ದ ಹಾಗೇ.

ಮೇಲಿನ ಮಹಡಿಯ ಮಕ್ಕಳ ಕೋಣೆಗೆ ಆ ಅದೃಷ್ಟ ಇರಲಿಲ್ಲ. ಅದನ್ನ ಹಳೇ ಫೋಟೋ ನೋಡಿ ಮತ್ತೆ ಜೋಡಿಸಿದ್ದಾರೆ. 1986ರಿಂದ ಹಳೆಯ ಸ್ಮಾರಕಗಳನ್ನ ಕಾಪಾಡುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೋಡಿಕೊಳ್ಳುತ್ತಿದೆ.

ಯಾರ್ರಾ ದಂಡೆ
ಅಂದರೆ 1901ಕ್ಕೆ ಗಡಿಯಾರ ನಿಲ್ಲಿಸಿದ್ದಾರೆ. ಇದು ನನಗೆ ಸರಿ ಕಾಣಲ್ಲ. 1903ರಿಂದ 1921ರವರೆಗೆ ಅಲ್ಲಿ ನೌಕಾಪಡೆಯ ಹುಡುಗರ ಕಾಲೇಜಿತ್ತು. ಮುಂದೆ ರಾಜರಾದ ಎಂಟನೇ ಎಡ್ವರ್ಡ್, ಆರನೇ ಜಾರ್ಜ್ ಇಬ್ಬರೂ ಅಲ್ಲೇ ಓದಿದ್ದು. ಗಾಯಗೊಂಡ ಅಧಿಕಾರಿಗಳ ಆರೈಕೆ ಮನೆಯಾಗಿಯೂ ಎಷ್ಟೋ ದಶಕ ನಡೆಯಿತು. ಆ ಬದುಕೆಲ್ಲ ಎಲ್ಲಿ?

ಇತಿಹಾಸದ ಮೇಷ್ಟ್ರು
ಕಾಲೇಜು ಇದ್ದದ್ದು ಕುದುರೆಲಾಯದ ಕಡೆ. ಅವಸರದಲ್ಲಿ ಎಬ್ಬಿಸಿದ ಹಗುರ ಕಟ್ಟಡಗಳು, ಬೇಗ ಹಾಳಾದವು. ಉಳಿಸೋಕೆ ಹೆಚ್ಚೇನೂ ಇರಲಿಲ್ಲ. ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ. ಯಾವ ವರ್ಷ ಅಂತ ಆರಿಸುವುದು ಅಂದರೆ ಯಾರ ಕಥೆ ಅಂತ ಆರಿಸುವುದು.

ಕಕ್ಕಬೆ ಮಳೆ
ಅದನ್ನೇ ನಾನು ಹೇಳಿದ್ದು!

ನಮ್ಮೂರ ಮಾತಿಗೆ ಬರುತ್ತೇನೆ. ಗೌರಮ್ಮನ ಅಪ್ಪ ಕೊನೆಯದಾಗಿ ಅಡಗಿದ್ದು ನಮ್ಮ ಪಕ್ಕದ ನಾಲ್ಕುನಾಡು ಅರಮನೆಯಲ್ಲಿ. 1792ರದ್ದು. ತಡಿಯಂಡಮೋಳ್ ಬೆಟ್ಟದ ಬುಡ. ಮರದ ಕೆತ್ತನೆ, ಗೋಡೆ ಮೇಲೆ ಚಿತ್ರ. ಮೈ ಕೊರೆಯುವ ಮಳೆ ಅಲ್ಲಿ. ಒಂದು ಸಲ ಜೂನ್‌ನಲ್ಲಿ ಹೋದಾಗ ಚಿತ್ರದ ಮೇಲೆ ಅಂಗೈ ಇಡುವಷ್ಟು ಹತ್ತಿರದಲ್ಲಿ ಹಸಿರು ಪಾಚಿ ನೋಡಿದೆ. ಯಾರೋ ಚೂಪು ಕಲ್ಲಲ್ಲಿ ಹೆಸರು ಬೇರೆ ಗೀಚಿದ್ದರು. ಮಗಳ ಮೂರ್ತಿ ಆಸ್ಬರ್ನ್‌ನಲ್ಲಿ ಬೆಚ್ಚಗಿದೆ. ಅಪ್ಪನ ಮನೆಗೂ ಅಷ್ಟೇ ಕಾಳಜಿ ಸಿಗಲಿ ಅನ್ನೋದು ನನ್ನ ಆಸೆ. ಮಡಿಕೇರಿ ಕೋಟೆಯ ಅರಮನೆಗೂ.

ಅಂಚೆಪೆಟ್ಟಿಗೆ
ವಿಷಯ ಎಲ್ಲಿಂದ ಎಲ್ಲಿಗೋ ಹೋಯ್ತು.

ಹಳೇಮನೆ ಶಾರದೆ
ಹೋಗಲಿ ಬಿಡಿ, ಇದೂ ಅದೇ ವಿಷಯ.

ಅಂದ ಹಾಗೆ ತುಂಗಾತೀರ, ತೋಟ ಹೇಗಿದೆ? ಕೆಳಗಿನ ಜಗಲಿ ಮುಚ್ಚಿತ್ತು ಅಂತ ನನ್ನ ಅಕ್ಕ ಹೇಳುತ್ತಿದ್ದಳು, ಅವಳು ಹೋಗಿದ್ದು ಬಹಳ ಹಿಂದೆ.

ತುಂಗಾತೀರ
ಈಗ ತೆರೆದಿದೆ, ದುರಸ್ತಿ ಮುಗಿಸಿ 2017ರಲ್ಲಿ ತೆರೆದರಂತೆ. ನಡುವೆ ಆಂಡ್ರೊಮಿಡಾ ಕಾರಂಜಿ. 1851ರಲ್ಲಿ ಲಂಡನ್ನಿನಲ್ಲಿ ನಡೆದ ದೊಡ್ಡ ಪ್ರದರ್ಶನದಲ್ಲಿ ರಾಣಿ ಕೊಂಡ ಎರಕದ ಮೂರ್ತಿ. ಮೆಟ್ಟಿಲ ಪಕ್ಕ ಚಿಪ್ಪು ಅಂಟಿಸಿದ ಗೂಡೊಂದಿದೆ, ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಒಂದೊಂದು ಚಿಪ್ಪೂ ಕೈಯಲ್ಲಿ ಇಟ್ಟದ್ದು.

ಕಡಲ ದಡಕ್ಕೂ ಬಿಡುತ್ತಾರೆ. ರಾಣಿ ಬಟ್ಟೆ ಬದಲಿಸಿ ನೀರಿಗಿಳಿಯುತ್ತಿದ್ದ ಚಕ್ರದ ಗೂಡು ಅಲ್ಲಿದೆ. ಅವಳು ಸತ್ತ ಮೇಲೆ ಅದು ಕೋಳಿಗೂಡಾಗಿತ್ತಂತೆ, ಹುಡುಕಿ ತಂದು ಸರಿಮಾಡಿದರಂತೆ.

ಸುಣ್ಣದಗೂಡು ಅವರೇ, ತಮ್ಮನಿಗೆ ನಿಮ್ಮ ಬರಹ ಕಳಿಸಿದೆ. ಅವನ ಪ್ರಶ್ನೆ ಇದು: ಉದುರಿದ ಜಾಗಕ್ಕೆ ಮಾತ್ರ ಹೊಸ ಗಾರೆ ಹಾಕೋಕೆ ಈಗ ಜನ ಸಿಗ್ತಾರಾ? ಖರ್ಚು ಎಷ್ಟು?

ಸುಣ್ಣದಗೂಡು
ಸಿಗುತ್ತಾರೆ. ಹಳೆಯ ದೇವಸ್ಥಾನ, ಮಠಗಳಲ್ಲಿ ಕೆಲಸ ಮಾಡಿದ ಗಾರೆಯವರನ್ನ ವಿಚಾರಿಸಿ. ಖರ್ಚು ಮನೆ ನೋಡದೆ ಹೇಳಿದರೆ ತಪ್ಪಾಗುತ್ತದೆ.

ಮೊದಲು ಒಂದು ಕೆಲಸ ಮಾಡಿಸಿ. ಬೆರಳಿನ ಗೆಣ್ಣಲ್ಲಿ ಗೋಡೆಯನ್ನ ಅಂಗುಲ ಅಂಗುಲ ತಟ್ಟುತ್ತಾ ಹೋಗಲಿ. ಗಟ್ಟಿ ಜಾಗ "ಟಕ್" ಅನ್ನುತ್ತದೆ. ಬಿಟ್ಟುಕೊಂಡ ಜಾಗ ಮಡಕೆ ಥರ "ಡಬ್" ಅನ್ನುತ್ತದೆ. ಡಬ್ ಅಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಲಿ. ಅಷ್ಟನ್ನ ಮಾತ್ರ ಬಿಡಿಸಿ, ಅರಳಿದ ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ ಕೊಳೆಹಾಕಿದ ಗಾರೆ ತುಂಬಬೇಕು. ಒಂದೇ ಸಲ ದಪ್ಪ ಬೇಡ, ತೆಳ್ಳಗೆ ಎರಡು ಮೂರು ಪದರ. ಪ್ರತಿ ಪದರಕ್ಕೂ ಒದ್ದೆ ಗೋಣಿ ಹೊದಿಸಿ. ಹೂಮಾಲೆಗೆ ಚೆನ್ನಾಗಿರುವ ಒಂದು ಕಿಟಕಿಯಿಂದ ಅಚ್ಚು ತೆಗೆದುಕೊಳ್ಳಬಹುದು. ಮೇಲೆ ಸುಣ್ಣದ ಬಣ್ಣವೇ ಬಳಿಯಿರಿ, ಪ್ಲಾಸ್ಟಿಕ್ ಪೇಂಟ್ ಬೇಡ.

ಹಾಗೇ ಚಾವಣಿ ನೀರು ಎಲ್ಲಿಗೆ ಬೀಳುತ್ತದೆ ನೋಡಿ. ಮುಕ್ಕಾಲು ಪಾಲು ಮನೆಗಳಲ್ಲಿ ರೋಗ ಗೋಡೆಯಲ್ಲಿರಲ್ಲ, ಚಾವಣಿ ನೀರು ಸಾಗಿಸುವ ಒಡೆದ ದೋಣಿಯಲ್ಲಿರುತ್ತದೆ.

ತುಂಗಾತೀರ
ಮೂರು ವಾರ ಆಯ್ತು, ಸುದ್ದಿ ಹೇಳಬೇಕು. ನಂಜನಗೂಡಿನ ಕಡೆಯಿಂದ ವಯಸ್ಸಾದ ಗಾರೆಯವರೊಬ್ಬರು ಬಂದು ಇಡೀ ಮುಂಭಾಗ ತಟ್ಟಿ ನೋಡಿದರು. ತಮ್ಮ ವಿಡಿಯೋ ಕಾಲ್‌ನಲ್ಲಿ ತೋರಿಸಿದ. ಒಟ್ಟು ಒಂಬತ್ತು ಸುತ್ತು. ಇಡೀ ಗೋಡೆ ಹೋಗಿದೆ ಅಂದುಕೊಂಡಿದ್ದೆವು! ಏಳು ಸುತ್ತು ಒಂದೇ ಸಾಲಿನಲ್ಲಿವೆ, ನೀರಿನ ದೋಣಿ ಒಡೆದ ಜಾಗದ ಸೀದಾ ಕೆಳಗೆ. ಕೆತ್ತುವ ಮಾತನ್ನ ತಮ್ಮ ತಾನಾಗಿಯೇ ಬಿಟ್ಟ. ಈ ವಾರ ಸುಣ್ಣ ಅರಳಿಸಲು ಹಾಕಿದ್ದಾನೆ.

ಕಕ್ಕಬೆ ಮಳೆ ಅವರೇ, ಮೊನ್ನೆ ಭಾನುವಾರ ಮತ್ತೆ ಆಸ್ಬರ್ನ್‌ಗೆ ಹೋಗಿದ್ದೆ, ಗೌರಮ್ಮನನ್ನ ನೋಡೋಕೆ ಅಂತಲೇ. ಪಕ್ಕದಲ್ಲಿದ್ದ ಇಂಗ್ಲಿಷ್ ಅಜ್ಜಿಯೊಬ್ಬರು ಯಾರಿದು ಅಂತ ಕೇಳಿದರು. ನೀವು ಬರೆದದ್ದನ್ನೆಲ್ಲ ಹೇಳಿದೆ.

ಕಕ್ಕಬೆ ಮಳೆ
ಓದಿ ತುಂಬಾ ಖುಷಿಯಾಯ್ತು. ಬ್ರಾಂಪ್ಟನ್ ಕಡೆ ಹೋದರೆ ನಮ್ಮ ಪರವಾಗಿ ಒಂದು ಹೂ ಇಟ್ಟು ಬನ್ನಿ.

ಬಿಸಿಲುಮಚ್ಚು
ಗಾರೆ ಕೆಲಸ ಶುರುವಾದಾಗ ಫೋಟೋ ಹಾಕಿ. ಅಚ್ಚು ತೆಗೆಯೋದನ್ನ ನೋಡಬೇಕು.